ಅಪ್ಪನ ಮಾತು, ತಾತನ ಹೆಸರು

ಕಾಲ್ಫೀಲ್ಡ್, ಮೆಲ್ಬರ್ನ್
ಜನವರಿ 21, ಮಂಗಳವಾರ

ನನ್ನ ಮುದ್ದು ಅಮ್ಮಾ,

ಪರ್ತ್‌ಗೆ ಸುಖವಾಗಿ ತಲುಪಿದೆಯಾ? ನೀನು ಹೋದಾಗಿನಿಂದ ಮನೆ ಬಿಕೋ ಎನ್ನುತ್ತಿದೆ. ನನ್ನ ಅಡುಗೆಮನೆ ನಿನಗೆ ಇಷ್ಟವಾಯಿತು ತಾನೇ? ಹಾಲಿಗೊಂದು ಸಿಂಕ್, ಮಾಂಸಕ್ಕೊಂದು ಸಿಂಕ್, ಎರಡಕ್ಕೂ ಬಿಸಿನೀರು! ಮದುವೆಯಾಗಿ ಹನ್ನೆರಡು ವಾರವಾದರೂ ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ಹೋಗಿ ನೋಡಿಕೊಂಡು ಬರುತ್ತೇನೆ, ಹುಚ್ಚಿಯ ಹಾಗೆ. ನಿನ್ನೆ ಎಲ್ಕಾನಾ ನನಗೊಂದು ತಲೆವಸ್ತ್ರ ತಂದ, ನೀಲಿ ರೇಷ್ಮೆಯದು. ಕೇಳದೆಯೇ ತಂದ, ಅಮ್ಮಾ! ಏಕೆ ತಂದ ಎಂದು ಆಮೇಲೆ ಹೇಳುತ್ತೇನೆ.

ಫೋನಿನಲ್ಲಿ ನಿನಗೆ ಕೇಳಿಸಬೇಕಾದರೆ ನಾನು ಕಿರುಚಬೇಕು. ಇದನ್ನು ಕಿರುಚಿ ಹೇಳಲಾರೆ. ಅದಕ್ಕೇ ಕಾಗದ.

ಅಪ್ಪನ ನೋಟ್‌ಬುಕ್ ವಿಷಯ. ವಾರವಿಡೀ ಬ್ರೆಡ್ ವ್ಯಾನ್ ಓಡಿಸಿ ಬಂದು, ಶುಕ್ರವಾರ ರಾತ್ರಿ ಊಟಕ್ಕೆ ಕುಳಿತಾಗ, ಸಿನಗಾಗ್‌ನಲ್ಲಿ ಓದುವ ಆ ವಾರದ ತೋರಾ ಪಾಠದಿಂದ ಅಪ್ಪ ಒಂದೇ ಒಂದು ಮಾತು ಹೆಕ್ಕಿ ಹೇಳುತ್ತಿದ್ದರಲ್ಲ. ಶುಕ್ರವಾರ ಸಂಜೆ ಶಬ್ಬತ್ ಶುರುವಾದ ಮೇಲೆ ಬರೆಯುವಂತಿಲ್ಲವೆಂದು ನಾನು ಅದನ್ನು ಶನಿವಾರ ಕತ್ತಲಾಗುವವರೆಗೆ ಬಾಯಲ್ಲೇ ಇಟ್ಟುಕೊಂಡು ಆಮೇಲೆ ಬರೆಯುತ್ತಿದ್ದೆ. ಎರಡು ನೋಟ್‌ಬುಕ್ ತುಂಬಿದವು. ಮೊದಲನೆಯದನ್ನು ನಾನು ಮದುವೆಯಾಗಿ ಬರುವಾಗ ತಂದೆ. ಸತ್ತವರ ಮಾತನ್ನು ಅವರ ಹೆಸರು ಹೇಳಿ ಹೇಳಿದರೆ ಗೋರಿಯೊಳಗೆ ಅವರ ತುಟಿ ಅಲುಗುತ್ತದೆ ಎಂದು ನೀನು ನಂಬುತ್ತೀ. ಅದಕ್ಕೇ ನೀನು ಪ್ರತಿ ಕಾಗದದಲ್ಲೂ ಕೇಳುತ್ತಿದ್ದೆ, ಅಳಿಯ ಈ ವಾರ ಅಪ್ಪನ ಮಾತು ಹೇಳಿದನಾ, ಹೆಸರು ಹೇಳಿದನಾ ಎಂದು. ನಾನು ಹೌದು ಹೌದು ಎಂದು ಬರೆಯುತ್ತಿದ್ದೆ.

ಅರ್ಧ ನಿಜ. ಮಾತು ಹೇಳುತ್ತಿದ್ದ.

ಮೊದಲ ವಾರ ನೋಹನ ಪಾಠವಿತ್ತು. ಪ್ರಳಯದ ನೀರಿನಲ್ಲಿ ಒಣ ನೆಲ ಹುಡುಕಲು ಹೋದ ಪಾರಿವಾಳ ಏನೂ ಸಿಗದೆ ವಾಪಸ್ ಬಂದಾಗ ನೋಹ ಕೈ ಚಾಚಿ ನಾವೆಯೊಳಗೆ ಕರೆದುಕೊಂಡ. ಬರಿಗೈಯಲ್ಲಿ ಮನೆಗೆ ಬಂದವರಿಗೆ ಬಾಗಿಲಲ್ಲಿ ಕೈ ಕೊಡಬೇಕು, ಪ್ರಶ್ನೆ ಕೇಳಬಾರದು ಎಂದು ಅಪ್ಪ ಹೇಳಿದ್ದರು, ಬೇಕರಿಯವರು ಕೆಲಸದಿಂದ ತೆಗೆದ ವಾರ. ಎಲ್ಕಾನಾ ಅದನ್ನು ಆ ಶುಕ್ರವಾರ ಇಲ್ಲಿ ನನ್ನ ಅತ್ತೆಯ ಮನೆಯ ಮದುವೆ ಊಟದಲ್ಲಿ ಹೇಳಿದ. "ನಮ್ಮ ತಾತ ಹೇಳ್ತಿದ್ರು" ಎಂದು ಶುರುಮಾಡಿದ. ಎಲ್ಲರೂ ತಲೆದೂಗಿದರು. ಅವನ ತಾತ ದೊಡ್ಡ ಪಂಡಿತರಂತೆ. ಆಗ ಸಿನಗಾಗ್‌ನಲ್ಲಿ ಅವನಿನ್ನೂ ತಾತ್ಕಾಲಿಕ ರಬ್ಬಿ. ಮುಂದಿನ ಶಬ್ಬತ್‌ನಿಂದ ಅಲ್ಲೂ ಹಾಗೇ. ವಾರವಾರಕ್ಕೂ ಜನ ಹೆಚ್ಚಿದರು.

ಈಗ ಕಳೆದ ಶಬ್ಬತ್. ಅಪ್ಪನ ಮೂರನೇ ವರ್ಷದ ತಿಥಿಯೆಂದು ನೀನು ಅಷ್ಟು ದೂರದಿಂದ ಬಂದೆ. ಮೇಲೆ ಹೆಂಗಸರ ಗ್ಯಾಲರಿಯಲ್ಲಿ ನನ್ನ ಕೈ ಹಿಡಿದು ಕುಳಿತೆ. ಶಬ್ಬತ್ ಆದ್ದರಿಂದ ಮೈಕ್ ಇಲ್ಲ, ಸೀಟಿ ಹೊಡೆಯುತ್ತದೆಂದು ಕಿವಿಯ ಯಂತ್ರವನ್ನು ನೀನು ತೆಗೆದುಬಿಟ್ಟಿದ್ದೆ. ಕೆಳಗೆ ಎಲ್ಕಾನಾ ಹೇಳುತ್ತಿದ್ದ: ಈಜಿಪ್ಟಿನ ಫರೋಹ ರಾಜನಾದರೂ ತೋರಾ ಅವನ ಸ್ವಂತ ಹೆಸರು ಹೇಳುವುದಿಲ್ಲ, ಆದರೆ ಶಿಫ್ರಾ, ಪೂವಾ ಎಂಬ ಇಬ್ಬರು ಸೂಲಗಿತ್ತಿಯರ ಹೆಸರು ಬರೆದಿಟ್ಟಿದೆ, ದುಡಿಯುವವರ ಹೆಸರು ತಿಳಿದುಕೊಳ್ಳಿ, ನಿಮ್ಮ ಕಸ ಒಯ್ಯುವವನ ಹೆಸರು ನಿಮಗೆ ಗೊತ್ತೇ ಎಂದು. ಆಮೇಲೆ ಅವನು ತನ್ನ ತಾತನ ಹೆಸರು ಹೇಳಿದ.

ನೀನು ನನ್ನ ಮುಖ ನೋಡಿ "ಹೇಳಿದ್ನಾ?" ಎಂದೆ. ನಾನು ಹೌದೆಂದು ತಲೆಯಾಡಿಸಿದೆ. ನೀನು ಅತ್ತುಬಿಟ್ಟೆ.

ಅಷ್ಟಕ್ಕೇ ನಿಲ್ಲಲಿಲ್ಲ, ಅಮ್ಮಾ. ಪ್ರಾರ್ಥನೆಯ ನಂತರ ಕೆಳಗೆ ಹಾಲ್‌ನಲ್ಲಿ, ಉಪ್ಪುಮೀನಿನ ತಟ್ಟೆ ಹಿಡಿದು ನೀನು ಕಂಡಕಂಡವರಿಗೆಲ್ಲ ಹೇಳಿದೆ, "ಕೇಳಿದ್ರಾ? ಅದು ನಮ್ಮ ಯಜಮಾನ್ರ ಮಾತು." ಕಮಿಟಿಯ ಪೆನಿನಾ ನನ್ನನ್ನು ಪಕ್ಕಕ್ಕೆ ಕರೆದಳು. "ಏನೇ ತಿರ್ಜಾ, ನಿಮ್ಮಮ್ಮಂಗೆ ಸ್ವಲ್ಪ ಗೊಂದಲ ಆಗಿದೆಯಾ? ಅದು ರಬ್ಬಿಯವರ ತಾತನ ಮಾತಲ್ವಾ?" ಎಂದಳು. ನಾನು ನಕ್ಕು, "ಹೂಂ ಪೆನಿನಾ, ವಯಸ್ಸಾಯ್ತಲ್ಲ" ಎಂದೆ. ಅವಳು ಬಂದು ನಿನ್ನ ಭುಜ ಸವರಿ ಕುರ್ಚಿ ಹಾಕಿಕೊಟ್ಟಳು. ಎಷ್ಟು ಒಳ್ಳೆಯ ಹೆಂಗಸು ಎಂದು ನೀನು ವಿಮಾನ ಹತ್ತುವವರೆಗೂ ಹೊಗಳಿದೆ.

ಭಾನುವಾರ ನಿನ್ನನ್ನು ಬಿಟ್ಟು ಬಂದಮೇಲೆ ಎಲ್ಕಾನಾನಿಗೆ ಹೇಳಿದೆ, ಇನ್ನು ಹೆಸರು ಹೇಳಲೇಬೇಕು ಎಂದು. "ಹನ್ನೆರಡು ವಾರ ತಾತ ತಾತ ಅಂದಿದ್ದೀನಿ ಕಣೇ. ಈಗ ಅಲ್ಲ ಅಂದ್ರೆ ಕೆಲಸ ಖಾಯಂ ಮಾಡ್ತಾರಾ? ನಾಳೆ ಸಂಜೆ ಕಮಿಟಿ ಸೇರುತ್ತೆ" ಎಂದ. ನಿನ್ನೆ ಖಾಯಂ ಮಾಡಿದರು. ತಲೆವಸ್ತ್ರ ಅದಕ್ಕೇ. ಪಾಠಗಳನ್ನೆಲ್ಲ ಪುಸ್ತಕ ಮಾಡಿಸುತ್ತಾರಂತೆ, ಮೊದಲ ಪುಟದಲ್ಲಿ ತಾತನ ಫೋಟೋ. ಅದು ನಿನ್ನ ಕೈಗೆ ಬರುವ ಮೊದಲು ನನ್ನ ಕಾಗದ ಬರಲಿ ಎಂದು ಈಗಲೇ ಬರೆಯುತ್ತಿದ್ದೇನೆ. ಪುಸ್ತಕಕ್ಕೆ ಉಳಿದ ಪಾಠಗಳು ಬೇಕು, ಅವು ನಿನ್ನ ಬಳಿಯಿರುವ ಎರಡನೇ ನೋಟ್‌ಬುಕ್‌ನಲ್ಲಿವೆ. ಅವನು ಕೇಳಿ ಬರೆಯುತ್ತಾನೆ, ಬಹಳ ಚೆನ್ನಾಗಿ ಬರೆಯುತ್ತಾನೆ. ಕೊಡಬೇಡ. ನಾನೇ ಕೇಳಿದರೂ ಕೊಡಬೇಡ.

ಅವನ ಮೇಲೆ ಸಿಟ್ಟಾಗಬೇಡ. ನನ್ನನ್ನು ಅವನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಆಣೆ.

ನಿನ್ನ
ತಿರ್ಜಾ

ಮರೆತದ್ದು: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ಮೊದಲ ಶುಕ್ರವಾರ ಎಲ್ಕಾನಾ ಅಪ್ಪನ ಹೆಸರನ್ನೇ ಹೇಳುವವನಿದ್ದ. ಮೇಜಿನ ಸುತ್ತ ಮೂವರು ರಬ್ಬಿಗಳು, ಇಬ್ಬರು ಡಾಕ್ಟರುಗಳು. ಆ ಗೆರ್ಶೋನ್ ಯಾರು, ಏನು ಮಾಡಿಕೊಂಡಿದ್ದರು ಎಂದು ಯಾರಾದರೂ ಕೇಳಿಯಾರು ಎಂದು ನನಗೆ ಮೈಯೆಲ್ಲ ಬಿಸಿಯಾಯಿತು. "ಬೇಡ ಕಣೋ, ನಿಮ್ಮ ತಾತ ಅಂತ ಹೇಳ್ಬಿಡು" ಎಂದು ಅವನ ಕಿವಿಯಲ್ಲಿ ಹೇಳಿದವಳು ನಾನು. ಅವನು ಬೆಚ್ಚಿ ನನ್ನನ್ನು ನೋಡಿದ. ಆ ದಿನ ಮಧ್ಯಾಹ್ನ ಅವನು ಕನ್ನಡಿಯ ಮುಂದೆ ನಿಂತು, ಎಲ್ಲಿ ತಪ್ಪುತ್ತದೋ ಎಂದು, ಗೆರ್ಶೋನ್ ಬೆನ್ ಅವಿಗ್ದೋರ್, ಗೆರ್ಶೋನ್ ಬೆನ್ ಅವಿಗ್ದೋರ್ ಎಂದು ಹೇಳಿ ಹೇಳಿ ಕಲಿಯುತ್ತಿದ್ದ.