ರಾಣಿ ಮೊಟ್ಟೆ ತಿನ್ನುತ್ತಿದ್ದಾಳೆ

ಸೋಮವಾರ, ಮಧ್ಯಾಹ್ನ

ನನ್ನ ಮೊಂಡಿ ಮೊಮ್ಮಗಳಿಗೆ,

ಅಜ್ಜಿಯ ಆಶೀರ್ವಾದ. ನಾಲ್ಕನೇ ಕ್ಲಾಸಿನ ಅಕ್ಷರ, ನಗಬೇಡ. ಫೋನ್ ಮಾಡಿದರೆ ನಿನ್ನ ಅಪ್ಪ ಎತ್ತುವುದಿಲ್ಲ, ಎತ್ತಿದರೆ ನೀನು ಮಾತಾಡುವುದಿಲ್ಲ. ಅದಕ್ಕೇ ಈ ಕಾಗದ.

ಅಪ್ಪನ ಮನೆಯಲ್ಲಿ ಹುಳಹುಪ್ಪಟೆಗೆ ಜಾಗವಿಲ್ಲವೆಂದು ನನ್ನ ಕೈಗೆ ಕೊಟ್ಟು ಹೋದೆಯಲ್ಲ, ಆ ರಾಣಿ ಇರುವೆ ತನ್ನ ಮೊಟ್ಟೆಗಳನ್ನು ತಾನೇ ತಿನ್ನುತ್ತಿದ್ದಾಳೆ. ನೀನು ಹೋಗುವಾಗ ಗಾಜಿನ ನಳಿಕೆಯಲ್ಲಿ ರಾಣಿ, ಐದು ಕೆಲಸದ ಇರುವೆ, ಸಾಸಿವೆಗಿಂತ ಸಣ್ಣ ಮೊಟ್ಟೆ ಇಪ್ಪತ್ತು. ಈಗ ಮೂರು ಇರುವೆ, ನಾಲ್ಕು ಮೊಟ್ಟೆ. ಕಣ್ಣಾರೆ ನೋಡಿದೆ. ಒಂದನ್ನು ಬಾಯಲ್ಲಿ ಕಚ್ಚಿಕೊಂಡು ಆ ಕೊನೆಗೆ ಓಡಿದಳು, ಈ ಕೊನೆಗೆ ಓಡಿದಳು, ಎಲ್ಲೂ ಇಡಲು ಜಾಗ ಸಿಗದವಳಂತೆ. ಆಮೇಲೆ ತಿಂದೇಬಿಟ್ಟಳು. ಹೆತ್ತವಳೇನೇ ನೀನು, ಹೆಮ್ಮಾರಿ ಎಂದು ಬೈದೆ. ಹಸಿವೇನೋ ಎಂದು ಸಕ್ಕರೆ ನೀರು ಬಿಟ್ಟೆ. ಮೂಸಿಯೂ ನೋಡಲಿಲ್ಲ.

ನಳಿಕೆಯನ್ನು ಎಲ್ಲಿಟ್ಟಿದ್ದೆ ಗೊತ್ತೇ? ಕಣ್ಣೆದುರೇ ಇರಲಿ ಎಂದು ನನ್ನ ಹೊಲಿಗೆ ಮೆಷಿನ್ನಿನ ಹಲಗೆಯ ಮೇಲೆ. ಆಸ್ಪತ್ರೆಯ ಪರದೆ ಹೊಲಿಯುವ ಕೆಲಸ ಬಂದಿತ್ತು, ಹಗಲೆಲ್ಲ ತುಳಿದೆ. ತಾಸಿಗೊಮ್ಮೆ ನಳಿಕೆಗೆ ಹೊದಿಸಿದ ಬಟ್ಟೆ ಎತ್ತಿ, ಟಾರ್ಚ್ ಬಿಟ್ಟು ಎಣಿಸಿದೆ. ನಿನ್ನೆ ಪ್ಯಾಂಟಿನ ಅಂಚು ಮಡಿಸಲು ಕೊಟ್ಟಿದ್ದ ಸೈನ್ಸ್ ಟೀಚರ್ ಬಂದವಳು ನೋಡಿ ಹಣೆ ಚಚ್ಚಿಕೊಂಡಳು. ಅಯ್ಯೋ ಅಜ್ಜಿ, ಅವಳಿಗೆ ದಿನವಿಡೀ ಭೂಕಂಪ ಕಣ್ರೀ, ಹೊಸ ಸಂಸಾರ, ಕತ್ತಲೆ ಬೇಕು, ಅಲುಗಾಡಬಾರದು, ಇಲ್ಲಿ ಮಕ್ಕಳು ಉಳಿಯೋಲ್ಲ ಅನ್ನಿಸಿದ್ರೆ ಮೊಟ್ಟೆ ತಿಂದು ತನ್ನ ಜೀವ ಹಿಡ್ಕೋತಾಳೆ, ನೀವು ನೋಡೋದು ಬಿಡಿ ಸಾಕು, ಅಂದಳು. ನಾನು ಅವುಗಳನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ ಕಣೇ.

ನಳಿಕೆ ಈಗ ಕಪಾಟಿನೊಳಗೆ, ಹಳೆಯ ಸ್ವೆಟರಿನ ಮಡಿಕೆಯಲ್ಲಿದೆ. ಒಂದು ವಾರ ಮುಟ್ಟಬೇಡಿ ಅಂದಿದ್ದಾಳೆ. ಕೈ ಕಟ್ಟಿಕೊಂಡು ಕೂತಿದ್ದೇನೆ. ಇರುವೆ ಬದುಕಿದ್ರೆ ರಜೆಗೆ ಬರ್ತೀನಿ, ನಿನ್ನನ್ನಾಗಲೀ ಅಮ್ಮನನ್ನಾಗಲೀ ನೋಡೋಕಲ್ಲ ಎಂದು ನೀನು ಬಾಗಿಲಲ್ಲಿ ಅಂದದ್ದು ಸೂಜಿಯ ಮೊನೆ ಮುರಿದು ಒಳಗೇ ಉಳಿದ ಹಾಗಿದೆ. ಸತ್ತರೆ ಯಾವ ಮುಖ ಇಟ್ಟುಕೊಂಡು ನಿನ್ನನ್ನು ಕರೆಯಲಿ? ಏನು ಮಾಡಬೇಕೋ ಎರಡು ಸಾಲು ಬರೆ. ಬೈದಾದರೂ ಬರೆ.

ನಿನ್ನ ಬಾಯಿಬಡುಕಿ
ಅಜ್ಜಿ

ಮಡಚಿದ ಕಾಗದ ಮತ್ತೆ ಬಿಚ್ಚಿ ಬರೆದದ್ದು: ನಿನ್ನನ್ನು ಅಪ್ಪನ ಮನೆಗೆ ಅಟ್ಟಿದಳು ಎಂದು ಅಮ್ಮನ ಮೇಲೆ ಸಿಟ್ಟಲ್ಲವೇ? ಅಟ್ಟಿಸಿದ್ದು ನಾನು. ಅವಳು ಕೆಲಸದಿಂದ ಬಂದು ಕೂರುವ ಮೊದಲೇ, ಮಗು ಸಾಕುವ ಮುಖವೇನೇ ನಿನ್ನದು, ಅವನ ಹತ್ತಿರ ಬಿಡು ಎಂದು ದಿನಾ ಚುಚ್ಚಿದೆ. ಒಂದು ದಿನ ಅವಳು ನಿನ್ನ ಬಟ್ಟೆ ಮಡಚತೊಡಗಿದಳು. ಇರುವೆ ಉಳಿಯಲಿ, ಅಳಿಯಲಿ, ನೀನು ಬಾ. ನನ್ನ ಮುಖ ನೋಡದಿದ್ದರೂ ಸರಿ, ಅವಳದು ನೋಡು.