ಈಯಲಾರದೆ ಸತ್ತ ಏಳು ಕುರಿಗಳ ಬಗ್ಗೆ, ತಳಿ ಸುಧಾರಣೆಯ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ನೀವು ಕೊಟ್ಟ ‘ಉತ್ತಮ’ ಟಗರಿನ ಮರಿಗಳನ್ನು ಈಯಲಾರದೆ ನನ್ನ ಅತ್ತಿಗೆಯ ಏಳು ಕುರಿಗಳು ಸತ್ತಿವೆ. ಅದೇ ಟಗರಿಗೆ ಕಳೆದ ವಾರ ಪ್ರಥಮ ಶ್ರೇಣಿ ಕೊಟ್ಟು, ಅದರ ಗಂಡುಮರಿಗಳನ್ನು ಇನ್ನೂ ನಲವತ್ತು ಮನೆಗಳಿಗೆ ಹಂಚಲು ಹೊರಟಿದ್ದೀರಿ. ಅಭಿನಂದಿಸಲು ನಾಲಿಗೆ ಏಳುತ್ತಿಲ್ಲ, ಕ್ಷಮಿಸಿ.

ನಾನು ನಿಮ್ಮದೇ ಯೋಜನೆಯ ತೂಕದವಳು. ಹದಿನಾರು ವರ್ಷಗಳಿಂದ ಮನೆಮನೆಗೆ ಹೋಗಿ, ಕಿವಿಯ ಬಿಲ್ಲೆ ನೋಡಿ, ಮೂರು ತಿಂಗಳ ಮರಿಗಳ ತೂಕ ಬರೆಯುತ್ತಿದ್ದೇನೆ. ಯಾವ ಟಗರಿನ ಮರಿಗಳು ಹೆಚ್ಚು ತೂಗುತ್ತವೋ ಅದೇ ನಿಮ್ಮ ಆಯ್ಕೆ. ಮಾಂಸಕ್ಕಾಗಿ ಸಾಕುವಾಗ ತೂಕ ನೋಡುವುದು ತಪ್ಪೆಂದು ನಾನೂ ಹೇಳುವುದಿಲ್ಲ. ಆದರೆ ತೂಗುವುದಕ್ಕೆ ಮರಿ ಮೊದಲು ಹೊರಗೆ ಬರಬೇಕಲ್ಲವೇ?

ಆ ಟಗರನ್ನು ಅತ್ತಿಗೆಗೆ ಕೊಡಿಸಿದ್ದು ನಾನೇ. “ನೀನು ಹೇಳಿದ ಮೇಲೆ ಇನ್ನೇನು” ಎಂದು ಆಕೆ ತನ್ನ ಹಳೆಯ ಟಗರನ್ನು ಕಟುಕನಿಗೆ ಮಾರಿದಳು. ಈಯುವ ಕಾಲದ ಒಂದು ಮಧ್ಯಾಹ್ನ, ಮೊದಲು ಹುಟ್ಟಿದ್ದ ಮರಿಗಳನ್ನು ತೂಗಲೆಂದು ನಾನು ತಕ್ಕಡಿ ಹೊತ್ತು ಹೋದಾಗ ಕೊಟ್ಟಿಗೆಯ ನೆಲದಲ್ಲಿ ಕೂತಿದ್ದಳು, ಮೊಣಕೈವರೆಗೂ ಎಣ್ಣೆ, ರಕ್ತ. ಮರಿಯ ಮುಂಗಾಲುಗಳು ಬಂದಿದ್ದವು, ತಲೆ ಸಿಕ್ಕಿಕೊಂಡಿತ್ತು. ನಾನು ಕುರಿಯನ್ನು ಹಿಡಿದೆ, ಆಕೆ ಎಳೆದಳು. ಮರಿ ಉಳಿಯಿತು, ತಾಯಿ ಹೋಯಿತು.

“ತೂಗು,” ಎಂದಳು.

“ಬೇಡ ಅತ್ತಿಗೆ.”

“ತೂಗೇ. ಅದಕ್ಕೇ ತಾನೇ ನೀನು ಬಂದಿರೋದು?”

ನಾಲ್ಕೂವರೆ ಕೆಜಿ. ನಮ್ಮ ಕಡೆಯ ಮರಿ ಹುಟ್ಟುವಾಗ ಮೂರು ಕೆಜಿ ದಾಟುವುದೇ ಅಪರೂಪ. ಅಂದಿನಿಂದ ಆಕೆ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ.

ಏಳೂ ಸಾವುಗಳನ್ನು ತೂಕದ ನಮೂನೆಯ ಷರಾ ಕಾಲಂನಲ್ಲಿ ಬರೆದು ಕಳಿಸಿದೆ. ಉತ್ತರ ಬರಲಿಲ್ಲವೆಂದು ಫೋನ್ ಮಾಡಿದರೆ ನಿಮ್ಮ ಅಂಕಿಅಂಶದ ಅಧಿಕಾರಿ ನಕ್ಕರು. “ಷರಾ ಎಲ್ಲ ಕಂಪ್ಯೂಟರ್ ಓದಲ್ಲಮ್ಮ. ತೂಕ ಹಾಕಿ, ಸಾಕು. ನಿಮ್ಮ ಕುರಿಗಳೇ ಸಣ್ಣವು, ಟಗರು ಏನು ಮಾಡುತ್ತೆ?” ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸ್ವಾಮಿ, ಕುರಿಗಳು ಸಣ್ಣವೆಂದೇ ತಾನೇ ಈ ಯೋಜನೆ? ದೊಡ್ಡ ಕುರಿ ಇದ್ದವರು ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದರು?

ಈ ವಾರ ಆ ನಲವತ್ತು ಮನೆಗಳಿಗೂ ಹೋಗಿ ನಡೆದದ್ದನ್ನು ಹೇಳಿದೆ. ಹನ್ನೊಂದು ಮನೆಯವರು ಟಗರು ಬೇಡವೆಂದು ಬರೆದುಕೊಟ್ಟರು. ಉಳಿದವರು, “ಆಫೀಸಿನವರೇ ಕೊಡ್ತಿದ್ದಾರಲ್ಲ, ತಿಳಿದೇ ಕೊಡ್ತಾರೆ ಬಿಡಿ” ಎಂದರು. ಅವರೊಂದಿಗೆ ವಾದ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಹಂಚಿಕೆ ನಿಲ್ಲಿಸಿ. ಹುಟ್ಟುವಾಗಿನ ತೂಕವನ್ನೂ ತಾಯಿಯ ಸಾವನ್ನೂ ಟಗರಿನ ಆಯ್ಕೆಯಲ್ಲಿ ಪರಿಗಣಿಸಿ. ಒಮ್ಮೆ ಅತ್ತಿಗೆಯ ಮನೆಗೂ ಬನ್ನಿ. ಆಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಎರಡು ತಬ್ಬಲಿ ಮರಿಗಳಿವೆ. ಚೆನ್ನಾಗಿ ಮೈತುಂಬಿವೆ, ನಿಮಗೆ ಹಿಡಿಸುತ್ತವೆ. ಅವುಗಳನ್ನು ನೀವೇ ತೂಗಬೇಕಾಗುತ್ತದೆ. ನನ್ನನ್ನು ಆಕೆ ಒಳಗೆ ಬಿಡುವುದಿಲ್ಲ.

ಇಂತಿ,
ಈ ಪತ್ರ ನಿಮ್ಮ ಮೇಜು ತಲುಪುವವರೆಗಾದರೂ ಕೆಲಸದಲ್ಲಿರುವ
ತೂಕದವಳು