ಕೊನೆಯ ಅಧ್ಯಾಯ ಶಾಲೆಯಲ್ಲಿ

ಆಗಸ್ಟ್ 5, ಶುಕ್ರವಾರ
ಲೈಬ್ರರಿ ಪೀರಿಯಡ್. ಏಳನೇ ಕ್ಲಾಸು. ಎಲ್ಲರಿಗೂ ತೆಳ್ಳಗಿನ ಪುಸ್ತಕವೇ ಬೇಕು. ಒಬ್ಬ ಬಂದು 'ಮಿಸ್, ಇದ್ರಾಗೆ ಜಗಳ ಐತಾ?' ಎಂದ. ಇದೆ ಎಂದೆ. ತೆಗೆದುಕೊಂಡು ಓಡಿದ. ಮಕ್ಕಳಿಗೆ ಪುಸ್ತಕ ಹೇಳುವುದೆಂದರೆ ಹೆಣ್ಣು ಗಂಡು ಕೂಡಿಸಿದ ಹಾಗೆ. ಜಾತಕ ನೋಡದೆ ಕೊಟ್ಟರೆ ಎರಡು ದಿನಕ್ಕೆ ತವರಿಗೆ ವಾಪಸು.

ಲತಾ ಬಂದಿಲ್ಲ. ಗೊಲ್ಲರಹಟ್ಟಿಯ ಹುಡುಗಿ, ನನ್ನ ಅತ್ಯಂತ ಹಸಿದ ಓದುಗಾರ್ತಿ. ಅವಳಿಗೆಂದೇ ಒಂದು ಕಾದಂಬರಿ ತೆಗೆದಿಟ್ಟಿದ್ದೆ. ಹೊಳೆಯ ಪ್ರವಾಹಕ್ಕೆ ಸಿಕ್ಕಿ ತೆಪ್ಪದಲ್ಲಿ ತೇಲಿಹೋದ ಹುಡುಗಿ, ಮನೆ ಹುಡುಕಿಕೊಂಡು ನಡೆದು ಬರುವ ಕಥೆ.

ಹೆಡ್‌ಮಾಸ್ಟರ್ ಏಕಾಂತಪ್ಪ ಇಣುಕಿದರು. 'ಜಯಶೀಲಾ ಮೇಡಂ, ಮೊದ್ಲು ಸಮಾಜ ಪಾಠ ಮುಗ್ಸ್ರಿ. ಕಥೆ ಓದಿ ಯಾರು ಪಾಸಾಗ್ಯಾರೆ?' ನಾನು ಆಗಿದ್ದೇನೆ.

ಆಗಸ್ಟ್ 8
ಅದೇ ಹಟ್ಟಿಯ ನೇತ್ರಾವತಿ ಕಿವಿಯಲ್ಲಿ ಹೇಳಿದಳು. 'ಲತಾ ದೊಡ್ಡೋಳಾಗ್ಯಾಳೆ ಮಿಸ್. ಹೊರಗೆ ಕುಂದ್ರಿಸ್ಯಾರೆ.' ಹಟ್ಟಿಯ ಬೇಲಿಯಾಚೆ ಸೋಗೆಯ ಗುಡ್ಲು. ಮೂರು ವಾರ. ಯಾರೂ ಮುಟ್ಟುವಂತಿಲ್ಲ.

ಆಮೇಲೆ ಬರ್ತಾಳಾ ಎಂದೆ.

'ಗೊತ್ತಿಲ್ಲ ಮಿಸ್. ಅವ್ಳ ಅಕ್ಕ ಬರ್ಲಿಲ್ಲ.'

ಅದೇ ನನ್ನ ಹೆದರಿಕೆ.

ಆಗಸ್ಟ್ 10, ಸಂಜೆ
ಸ್ಕೂಟಿಯಲ್ಲಿ ಹೋದೆ. ಶ್ರೀರಾಂಪುರದ ರಸ್ತೆ ಬಿಟ್ಟ ಮೇಲೆ ಬರೀ ಕೆಸರು. ಬೇವಿನ ಮರದ ಕೆಳಗೆ ಗುಡ್ಲು, ಒಳಗೆ ಲತಾ. ಒಂದಿಷ್ಟು ದೂರದಲ್ಲಿ ಕಲ್ಲಿನ ಮೇಲೆ ಅವಳ ಅಜ್ಜಿ ಹುಚ್ಚಕ್ಕ, ಕೈಯಲ್ಲಿ ಕೋಲು.

ಪುಸ್ತಕ ತೋರಿಸಿದೆ. 'ಬ್ಯಾಡವ್ವ. ಅದು ಸರಸ್ವತಿ. ಇಂಥ ಹೊತ್ನಾಗೆ ಮುಟ್ಟಿದ್ರೆ ಕೂಸಿಗೇ ಕೇಡು.'

ವಾದ ಮಾಡಬಹುದಿತ್ತು. ನನ್ನ ಬಾಯೇನೂ ಸಣ್ಣದಲ್ಲ. ಆದರೆ ಜಗಳವಾದರೆ ನಾಳೆ ಹತ್ತಿರಕ್ಕೂ ಬಿಡುವುದಿಲ್ಲ. 'ಅವಳು ಮುಟ್ಟೋದು ಬೇಡಜ್ಜಿ. ನಾನು ಇಲ್ಲಿಂದ ಓದ್ತೀನಿ, ಅವಳು ಅಲ್ಲಿಂದ ಕೇಳಲಿ.'

ಹುಚ್ಚಕ್ಕ ಯೋಚಿಸಿದಳು. 'ಕೇಳಾಕೆ ಏನು ಮೈಲಿಗೆ? ಓದು.' ಕೋಲಿನಿಂದ ನೆಲದ ಮೇಲೆ ಗೆರೆ ಎಳೆದಳು. ದಾಟಬಾರದು.

ಕಿರುಚಿ ಓದಿದೆ. ತೆಪ್ಪ ಹಗ್ಗ ಹರಿದುಕೊಂಡಾಗ ಲತಾ 'ಅಯ್ಯೋ' ಎಂದಿದ್ದು ಗೆರೆಯಾಚೆಗೂ ಕೇಳಿಸಿತು. ಜಾತಕ ಕೂಡಿದೆ.

ಆಗಸ್ಟ್ 16
ದಿನಾ ಸಂಜೆ ಎರಡು ಅಧ್ಯಾಯ. ನನ್ನ ಗಂಟಲು ಹೋಗಿದೆ, ಕ್ಲಾಸಿನಲ್ಲಿ ಕಾಗೆ ಸ್ವರ. ಹುಚ್ಚಕ್ಕನಿಗೂ ಕಥೆಯದೇ ಧ್ಯಾನ. ನಾನು ಗಾಡಿ ನಿಲ್ಲಿಸುವುದರೊಳಗೆ 'ಆ ಹುಡುಗಿ ಇವತ್ತಾರ ಉಂಡ್ಲಾ?' ಎನ್ನುತ್ತಾಳೆ.

ಲತಾಳ ಅಪ್ಪ ಜುಂಜಯ್ಯ ಕುರಿ ಹೊಡೆದುಕೊಂಡು ಬರುವಾಗ ನಿಲ್ಲುತ್ತಾನೆ, ಕೇಳದವನ ಹಾಗೆ. ಕುರಿ ಮುಂದೆ ಹೋಗಿಬಿಡುತ್ತವೆ, ಅವನು ಅಲ್ಲೇ. ಇವತ್ತು ಕೇಳಿಯೇಬಿಟ್ಟೆ — ಲತಾನ ಶಾಲೆಗೆ ಕಳಿಸ್ತೀರಾ?

'ನೋಡಾಣ್ರಿ ಮೇಡಂ.'

ನೋಡಾಣ ಎಂದರೆ ಇಲ್ಲ ಎಂದರ್ಥ.

ಆಗಸ್ಟ್ 20
ಒಂದೇ ಅಧ್ಯಾಯ ಉಳಿಯಿತು. ಪುಸ್ತಕ ಮುಚ್ಚಿದೆ. 'ಕೊನೇದು ಶಾಲೆಯಲ್ಲಿ. ಬಂದವರಿಗೆ ಮಾತ್ರ.' ಜುಂಜಯ್ಯನಿಗೂ ಕೇಳಲೆಂದು ಜೋರಾಗಿಯೇ ಹೇಳಿದೆ.

'ಮಿಸ್, ಮೋಸ! ಅವ್ಳು ಮನೆ ಮುಟ್ತಾಳೋ ಇಲ್ಲೋ ಅಷ್ಟು ಹೇಳ್ರಿ ಸಾಕು.'

'ಬಂದು ಓದ್ಕೋ.'

ಲತಾ ನಕ್ಕಳು. ನಗುತ್ತಾ ಕೆಮ್ಮಿದಳು. ಹುಚ್ಚಕ್ಕ ನನಗೆ ಸರಿಯಾಗಿ ಬೈದಳು. ಜುಂಜಯ್ಯ ಮೊದಲ ಸಲ ಬಾಯಿಬಿಟ್ಟು ನಕ್ಕ. 'ಕಳುಸ್ತೀನಿ ಬಿಡ್ರಿ. ಇಲ್ದಿದ್ರೆ ನಮ್ಮವ್ವ ನನ್ನ ಬಿಡಾಕಿಲ್ಲ.'

ಗೆದ್ದೆ! ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ.

ಇನ್ನೊಂದು ಕಾರಣವೂ ಇತ್ತು. ಕೊನೆ ಕಹಿ. ಹುಡುಗಿ ಊರು ಮುಟ್ಟುತ್ತಾಳೆ, ಮನೆಯೇ ಇರುವುದಿಲ್ಲ. ಗುಡ್ಲಿನಲ್ಲಿ ಒಂಟಿಯಾಗಿ ಕೂತವಳಿಗೆ ಅದನ್ನು ಓದಲು ನಾಲಿಗೆ ಹೊರಳಲಿಲ್ಲ. ಶಾಲೆಯಲ್ಲಾದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಬಹುದು.

ಆಗಸ್ಟ್ 24
ಎರಡು ದಿನದಿಂದ ಮಳೆ ಬಿಟ್ಟಿಲ್ಲ. ಹೋಗಿದ್ದೆ. ಸೋಗೆ ಸೋರುತ್ತಿದೆ. ಲತಾ ಗೋಣಿಚೀಲ ಹೊದ್ದು ಮುದುಡಿದ್ದಳು. ನಡುಗುತ್ತಿದ್ದಳು. ಜ್ವರ.

ಡಾಕ್ಟರಿಗೆ ತೋರಿಸಿ ಎಂದೆ. 'ಇನ್ನು ನಾಕು ದಿನ ಐತವ್ವ. ಕಷಾಯ ಕೊಟ್ಟೀನಿ. ನಡುವೆ ಎಬ್ಬಿಸಿದ್ರೆ ಹಟ್ಟಿಗೇ ಒಳ್ಳೇದಾಗಾಕಿಲ್ಲ.' ಹುಚ್ಚಕ್ಕನೂ ಮಳೆಯಲ್ಲೇ ಕೂತಿದ್ದಳು, ತಲೆಗೊಂದು ಪ್ಲಾಸ್ಟಿಕ್ ಹಾಳೆ.

ಗೆರೆ ಅಳಿಸಿಹೋಗಿತ್ತು. ಎಲ್ಲಿತ್ತೆಂದು ನನಗೆ ಗೊತ್ತಿತ್ತು. ಅಲ್ಲೇ ನಿಂತೆ. ದಾಟಿದರೆ ಜುಂಜಯ್ಯ ಕೊಟ್ಟ ಮಾತು ಮುರಿಯುತ್ತದೆ, ಶಾಲೆ ತಪ್ಪುತ್ತದೆ... ಬ್ಯಾಗಿನಲ್ಲಿದ್ದ ಜ್ವರದ ಮಾತ್ರೆ ಎಸೆದೆ. ಅವಳ ಕಾಲ ಹತ್ತಿರ ಬಿತ್ತು. 'ಸೋಮವಾರ ಶಾಲೆ, ಮರೀಬೇಡ' ಎಂದೆ. ತಲೆಯಾಡಿಸಿದಳು.

ಆಗಸ್ಟ್ 26
ನೇತ್ರಾವತಿ ಅಳುತ್ತಾ ಬಂದಳು. ನಿನ್ನೆ ಲತಾಗೆ ಫಿಟ್ಸ್ ಬಂತಂತೆ. ಜುಂಜಯ್ಯ ಯಾರ ಮಾತೂ ಕೇಳದೆ ಒಳಗೆ ನುಗ್ಗಿ ಎತ್ತಿಕೊಂಡನಂತೆ. ಹೊಸದುರ್ಗಕ್ಕೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ.

ಅವನು ಮುಟ್ಟಿದ. ಎಂ.ಎ., ಬಿ.ಎಡ್. ಓದಿದ ನಾನು ಮುಟ್ಟಲಿಲ್ಲ.

ಆಗಸ್ಟ್ 27
ಲತಾ ಹೋದಳು.

ಎರಡು ದಿನ ಮೊದಲೇ ತಂದಿದ್ದರೆ ಎಂದರಂತೆ ಡಾಕ್ಟರು.

ಸೆಪ್ಟೆಂಬರ್ 2, ಶುಕ್ರವಾರ
ಲೈಬ್ರರಿ ಪೀರಿಯಡ್. 'ಮಿಸ್, ಒಂದು ಒಳ್ಳೇ ಪುಸ್ತಕ ಹೇಳ್ರಿ.' ನಿಮಗೆ ಬೇಕಾದ್ದು ತಗೊಳ್ರೋ ಎಂದೆ. ನೇತ್ರಾವತಿ ತೆಪ್ಪದ ಹುಡುಗಿಯ ಪುಸ್ತಕ ಕೇಳಿದಳು. ಇಲ್ಲ ಎಂದೆ. ಬೀರುವಿನಲ್ಲೇ ಇತ್ತು.

ಏಕಾಂತಪ್ಪನವರು ಟೀ ತಂದಿಟ್ಟು ಹೋದರು.

ಸೆಪ್ಟೆಂಬರ್ 19
ಹುಚ್ಚಕ್ಕ ಶಾಲೆಗೆ ಬಂದಿದ್ದಳು. ಹಟ್ಟಿಯಿಂದ ನಡೆದುಕೊಂಡು. ಬೈಯಲು ಬಂದಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಬೆಂಚು ತೋರಿಸಿದೆ. ನೆಲದ ಮೇಲೆ ಕೂತಳು.

'ನಡುವೆ ಒಂದೀಟು ಎಚ್ಚರಾಗಿತ್ತವ್ವ, ಆಸ್ಪತ್ರ್ಯಾಗೆ. ಆ ಹುಡುಗಿ ಮನೆ ಮುಟ್ಟಿದ್ಲಾ ಅಜ್ಜಿ ಅಂತ ಕೇಳಿದ್ಲು. ನನಗೇನು ಗೊತ್ತು? ಮುಟ್ಟಿದ್ಲು ಅಂದೆ. ಅವ್ರವ್ವ ಬಾಗ್ಲಾಗೇ ನಿಂತಿದ್ಲು, ಕೈ ಹಿಡ್ದು ಒಳಾಕೆ ಕರ್ಕಂಡ್ಲು, ತಲೆಗೆ ಬಿಸಿನೀರು ಹುಯ್ದ್ಲು ಅಂದೆ.' ಸೆರಗಿನಿಂದ ಮೂಗು ಒರೆಸಿಕೊಂಡಳು. 'ಕೂಸಿಗೆ ಸುಳ್ಳು ಹೇಳಿ ಕಳಿಸಿದ್ನಾ ಅಂತ ಕಣ್ಣಿಗೆ ನಿದ್ದೆ ಇಲ್ಲ. ಓದಿ ಹೇಳು ನನ್ನವ್ವ. ಅದ್ರಾಗೆ ಏನೈತೆ?'

ಬೀರು ತೆಗೆದೆ. ಪುಸ್ತಕ ಕಂಡು ಕೈಮುಗಿದಳು.

ಮೊದಲ ಸಾಲು ಇದ್ದ ಹಾಗೇ ಓದಿದೆ. ಹುಡುಗಿ ದಿಬ್ಬ ಹತ್ತಿ ಊರಿನ ಕಡೆ ನೋಡುತ್ತಾಳೆ. ಎರಡನೇ ಸಾಲಿನಲ್ಲಿ ನೀರು, ಬರೀ ನೀರು. ಹುಚ್ಚಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಅಕ್ಷರ ಬರುವುದಿಲ್ಲ.

ಆ ಸಾಲಿನ ಮೇಲೆ ಬೆರಳಿಟ್ಟೆ. 'ಬಾಗಿಲಲ್ಲೇ ಅಮ್ಮ ನಿಂತಿದ್ದಳು' ಎಂದು ಓದಿದೆ. 'ಮಗಳನ್ನು ಕಂಡವಳೇ ಕೈ ಹಿಡಿದು—